ಮಂಡಕ್ಕಿ ತಿಂದ ಇಲಿಗಳ ಮಿದುಳು

ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ಹುಡುಗಿ ಒಂದು ದಿನ ಫೋನ್ ಮಾಡಿದಳು. "ಮೇಡಂ, ಸೆಕ್ಷನ್ ನೀರಿಗೆ ಬಿಟ್ಟ ಕೂಡ್ಲೆ ಮುದುಡ್ಕೊಳ್ತಾವ್ರಿ. ಏನ್ ಮಾಡ್ಲಿ?"

"ನೀರು ಆರೈತೆ. ಸ್ವಲ್ಪ ಬಿಸಿ ಮಾಡು" ಎಂದೆ.

"ಪುಸ್ತಕದಾಗೆ ಇದು ಇಲ್ವಲ್ರಿ" ಎಂದಳು. ಪುಸ್ತಕದಲ್ಲಿ ಇಲ್ಲದ್ದು ಬಹಳ ಇದೆ ತಾಯಿ ಅಂದುಕೊಂಡು, ಅದನ್ನಷ್ಟು ಬರೆದಿಡೋಣವೆಂದು ಕೂತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಬಡ್ತಿ ಬಂದಾಗ ನನ್ನ ಹುದ್ದೆಯ ಹಿಂದೆ 'ಹಿರಿಯ' ಎಂಬ ಪದ ಸೇರಿತು, ಕಾಲು ಅಲ್ಲಾಡುವ ಕುರ್ಚಿ ಹಾಗೇ ಉಳಿಯಿತು. ಅಷ್ಟೇ.

ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಮನೆ ಹರಿಹರದಲ್ಲಿ. ದಿನಾ ಬಸ್ಸಿನಲ್ಲಿ ಓಡಾಟ. ಪ್ರಾಣಿಯ ಅಂಗವನ್ನು ಮೇಣದಲ್ಲಿ ಹುದುಗಿಸಿ, ಯಂತ್ರದಲ್ಲಿಟ್ಟು ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಹೆರೆದು, ಸೆಕ್ಷನ್ ಎನ್ನುವ ಆ ಹೆರೆತವನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಪಟ್ಟಿಯಲ್ಲಿ ಎತ್ತಿಕೊಂಡು ಬಣ್ಣ ಹಾಕಿ ಡಾಕ್ಟರುಗಳ ಕೈಗೆ ಕೊಡುವುದು ನನ್ನ ಕೆಲಸ. ಹೆಚ್ಚಾಗಿ ಹೆರೆದದ್ದು ಇಲಿಯ ಮಿದುಳು. ಮದುವೆ ಮಾತುಕತೆಯಲ್ಲಿ ನಮ್ಮ ಅಪ್ಪ "ಹುಡುಗಿ ಆಸ್ಪತ್ರೆ ಕಡೆ ಕೆಲಸದಾಗೆ ಅದಾಳೆ" ಎಂದಷ್ಟೇ ಹೇಳಿದ್ದರು. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನೆಗೆ ಇಲಿಯ ವಿಷಯ ಹೇಳುವ ಧೈರ್ಯ ಅವರಿಗೆ ಇರಲಿಲ್ಲ.

ಇಲಿಗಿಂತ ಮೊದಲು ಮನೆಯಲ್ಲಿ ಸಿಕ್ಕಿಬಿದ್ದದ್ದು ಮೊಟ್ಟೆ. ಸೆಕ್ಷನ್ ಗಾಜಿಗೆ ಅಂಟಿಕೊಳ್ಳಲಿ ಎಂದು ಆಗ ಮೊಟ್ಟೆಯ ಬಿಳಿಗೆ ಗ್ಲಿಸರಿನ್ ಕಲಸಿ ಸವರುತ್ತಿದ್ದೆವು. ಕಾಲೇಜಿನಿಂದ ಮೊಟ್ಟೆ ತರಿಸಬೇಕೆಂದರೆ ಮೂರು ಸಹಿ ಬೇಕಿತ್ತು. ಅದಕ್ಕೇ ಹರಿಹರದ ಬಸ್ ನಿಲ್ದಾಣದ ಹತ್ತಿರ ನಾನೇ ಎರಡು ಕೊಂಡು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ಮುಂಜಾನೆ ಅತ್ತೆ ರೊಟ್ಟಿ ಡಬ್ಬಿ ಇಡಲು ಬ್ಯಾಗ್ ತೆಗೆದರು.

"ಇದೇನವ್ವ ಗಿರಿಜಾ?"

"ಗೋಂದು ಅತ್ತೆ. ಲ್ಯಾಬಿಗೆ."

ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಗೋಂದು ಮರಿ ಮಾಡಿ ಕೂಗಿದ್ರೆ ಯಾರು ಉತ್ತರ ಹೇಳೋರು?"

ಕೊನೆಗೆ ರಾಜಿಯಾಯಿತು: ಗೋಂದು ಹೊಸ್ತಿಲು ದಾಟಬಾರದು, ಅಂಗಳದ ದಾಸವಾಳದ ಗಿಡದ ಬುಡದಲ್ಲಿ ಡಬ್ಬಿಯೊಳಗೆ ಇರಬೇಕು. ಮೊದಲ ವಾರವೇ ಬೀದಿನಾಯಿ ಡಬ್ಬಿ ಉರುಳಿಸಿ ಗೋಂದು ಕುಡಿದು ಹೋಯಿತು. ಅತ್ತೆಗೆ ಆದಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಈಗ ಅಂಟು ಸವರಿದ ಗಾಜೇ ಪೆಟ್ಟಿಗೆಯಲ್ಲಿ ಬರುತ್ತದೆ. ಹೊಸಬರು ಪುಣ್ಯವಂತರು.

ನನ್ನ ದೊಡ್ಡ ತಪ್ಪನ್ನೂ ಹೇಳಿಬಿಡುತ್ತೇನೆ. ಸೇರಿದ ಹೊಸತರಲ್ಲಿ ಗಾಜಿನ ಮೇಲೆ ಹೆಸರನ್ನು ಶಾಯಿಯಲ್ಲಿ ಬರೆದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಕೂಡಲೇ ಶಾಯಿ ತೊಳೆದುಹೋಯಿತು. ಯಾರಿಗೂ ಹೇಳದೆ ನೆನಪಿನ ಮೇಲೆ ಮತ್ತೆ ಬರೆದೆ. ಪರೀಕ್ಷೆಯ ದಿನ ಕಪ್ಪೆಯ ಪಿತ್ತಜನಕಾಂಗವನ್ನು ಮೂತ್ರಪಿಂಡ ಎಂದು ಗುರುತಿಸದ ವಿದ್ಯಾರ್ಥಿಗಳೆಲ್ಲ ಫೇಲಾದರು. ಅಂದರೆ ಸರಿಯಾಗಿ ಓದಿಕೊಂಡು ಬಂದವರೇ ಫೇಲು. ನಮ್ಮ ಮುಖ್ಯಸ್ಥರಾದ ಡಾ. ಚಂದ್ರಶೇಖರಪ್ಪನವರು ನನ್ನನ್ನು ಕರೆದು, "ಎಲ್ಲಾ ನೆನಪಿನ ಮೇಲೆ ಮಾಡೋದಾದ್ರೆ ಲೇಬಲ್ ಯಾಕ್ರಿ ಬೇಕು, ಗಿರಿಜಾ ಅವರೇ?" ಎಂದರು. ಅಂದಿನಿಂದ ನಾನು ಪೆನ್ಸಿಲ್ಲಿನಲ್ಲೇ ಬರೆಯುವವಳು, ಅದೂ ಎರಡೆರಡು ಸಲ. ಆದರೆ ವಿಭಾಗದಲ್ಲಿ ಏನು ಅದಲುಬದಲಾದರೂ ಅವರು ಮೊದಲು ನೋಡುತ್ತಿದ್ದದ್ದು ನನ್ನ ಮುಖವನ್ನೇ.

ಚಂದ್ರಶೇಖರಪ್ಪನವರು ಬೇಸಿಗೆಯಲ್ಲೂ ಟೈ ಬಿಚ್ಚದ ಮನುಷ್ಯ. ಪಾಠ ಕೇಳುವಂತಿತ್ತು. ಮಿದುಳಿನ ಪಾಠಕ್ಕೆ ಬಂದಾಗ ಪ್ರತಿ ವರ್ಷ ಅದೇ ಮಾತು: "ಹುಟ್ಟುವಾಗ ಬಂದ ನರಕೋಶಗಳೇ ಕೊನೆತನಕ. ಸತ್ತದ್ದು ಸತ್ತಿತು, ಹೊಸದು ಬರುವುದಿಲ್ಲ." ಸ್ಲೈಡು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ ನನಗೂ ಅದು ಬಾಯಿಪಾಠವಾಗಿತ್ತು.

ಹೀಗಿರುವಾಗ ಸ್ನಾತಕೋತ್ತರ ವಿದ್ಯಾರ್ಥಿನಿ ಡಾ. ಸಹನಾ ಬಂದಳು. ಹದಡಿಯವಳು, ವಿದ್ಯಾನಗರದ ಹಾಸ್ಟೆಲಿನಲ್ಲಿ ಇದ್ದಳು. ಬೆಳೆದ ಇಲಿಯ ಮಿದುಳಿನಲ್ಲೂ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹೊಸ ನರಕೋಶ ಹುಟ್ಟುತ್ತಲೇ ಇರುತ್ತವೆ, ಹೊಸ ಜಾಗ ನೆನಪಿಡಲು ಅವು ನೆರವಾಗುತ್ತವೆ, ಓಡಾಡುವ ಇಲಿಗಳಲ್ಲಿ ಹೆಚ್ಚು ಹುಟ್ಟುತ್ತವೆ, ಅದನ್ನೇ ಪ್ರಬಂಧಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು. ಮನುಷ್ಯರಲ್ಲಿ ಹೇಗೆ ಎಂಬ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಸರ್ ತಮ್ಮ ಬೋಳುತಲೆ ಸವರಿಕೊಂಡರು. "ಹೊಸ ಕೋಶ ಒಳಗೆ ಬರೋದಾದ್ರೆ ನನಗೆ ಹೊರಗೂ ಏನಾದರೂ ಬರಬೇಕಿತ್ತಲ್ಲಮ್ಮ." ಆದರೆ ಬೇಡವೆನ್ನಲಿಲ್ಲ. "ಮಾಡು. ಬರೋದಿಲ್ಲ ಅಂತ ತೋರಿಸೋಕಾದರೂ ಯಾರಾದರೂ ಮಾಡಬೇಕಲ್ಲ."

ಪ್ರಯೋಗಕ್ಕೆ ದೊಡ್ಡದೊಂದು ದುಂಡು ತೊಟ್ಟಿ ಬೇಕಿತ್ತು. ಬಿಳಿ ಮಾಡಿದ ನೀರಿನೊಳಗೆ ಕಾಣದಂತೆ ಒಂದು ಕಟ್ಟೆ ಇಡಬೇಕು. ಇಲಿ ಈಜುತ್ತಾ ಅದನ್ನು ಹುಡುಕಬೇಕು. ಮೊದಲ ದಿನ ಅಕಸ್ಮಾತ್ ಸಿಗುತ್ತದೆ. ಜಾಗ ನೆನಪಿಟ್ಟುಕೊಂಡ ಇಲಿ ಆಮೇಲೆ ಗೋಡೆಯ ಮೇಲಿನ ಗುರುತು ನೋಡಿಕೊಂಡು ನೇರ ಅಲ್ಲಿಗೇ ಹೋಗುತ್ತದೆ. ನಾನು ಹರಿಹರದ ತಗಡಿನ ಕೆಲಸದ ಸಾಬರ ಹತ್ತಿರ ಹೋಗಿ ಅಳತೆ ಕೊಟ್ಟೆ.

"ಎಮ್ಮೆಗೋ, ಆಕಳಿಗೋ?" ಎಂದರು.

"ಇಲಿಗೆ."

ಅವರು ಅಳತೆಯ ಚೀಟಿಯನ್ನು ಎರಡು ಸಲ ನೋಡಿದರು. "ಇಲಿ ಎಷ್ಟು ದೊಡ್ಡದೈತ್ರಿ?"

ನೀರಿಗೆ ಮೊದಲು ಹಾಲಿನ ಪುಡಿ ಕಲಸಿದೆವು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಅದು ಹುಳಿಯಾಗಿ ಮಹಡಿಯೆಲ್ಲ ಮಜ್ಜಿಗೆ ನಾರತೊಡಗಿತು. ಸರ್ ಮೂಗಿಗೆ ಟೈ ಹಿಡಿದು ಬಂದು "ಒಗ್ಗರಣೆ ಯಾವಾಗ?" ಎಂದು ಕೇಳಿ ಹೋದರು. ಮರುವಾರದಿಂದ ಹಾಲಿನ ಬದಲು ಅಪಾಯವಿಲ್ಲದ ಬಿಳಿ ಬಣ್ಣದ ಪುಡಿ ಬಂತು.

ಇಲಿಗಳನ್ನು ಎರಡು ಗುಂಪು ಮಾಡಿದ್ದೆವು. ಮೊದಲ ಗುಂಪಿಗೆ ಓಡಲು ಚಕ್ರ, ಏಣಿ, ಕೊಳವೆ. ಎರಡನೆಯದಕ್ಕೆ ಖಾಲಿ ಪಂಜರ, ಅನ್ನ, ನೀರು, ಅಷ್ಟೇ. ಹೊಸದಾಗಿ ಹುಟ್ಟುವ ಕೋಶಕ್ಕೆ ಮಾತ್ರ ಸೇರಿಕೊಳ್ಳುವ ಒಂದು ಔಷಧ ಚುಚ್ಚುತ್ತಿದ್ದೆವು. ಆಮೇಲೆ ನಾನು ಸೆಕ್ಷನ್ನಿಗೆ ಬಣ್ಣ ಹಾಕಿದರೆ ಆ ಕೋಶಗಳು ಮಾತ್ರ ಕಂದಾಗಿ ಕಾಣುತ್ತವೆ. ಇಲಿಮನೆಯನ್ನು ನೋಡಿಕೊಳ್ಳುತ್ತಿದ್ದವರು ಬಾಷಾ ಸಾಬರು. ನನಗಿಂತ ಹಿರಿಯರು, ನಿವೃತ್ತಿಗೆ ಎರಡು ವರ್ಷವಿತ್ತು. ಓದುಬರಹ ಇಲ್ಲ. ಎಲ್ಲವೂ ಬೆಳ್ಳಗೇ ಇರುವ ಇಲಿಗಳಲ್ಲಿ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಎರಡನೇ ಗುಂಪಿನ ಒಂದು ದಪ್ಪ ಇಲಿಗೆ ಪೈಲ್ವಾನ್ ಎಂದು ಹೆಸರು.

ಕೆಲಸ ಎರಡು ಕಂತಿನಲ್ಲಿ. ಮೊದಲ ಕಂತಿನ ಇಲಿಗಳನ್ನು ತೊಟ್ಟಿಗೆ ಬಿಟ್ಟಾಗಲೇ ಸಹನಾಳ ಮುಖ ಸಣ್ಣದಾಯಿತು. ಖಾಲಿ ಪಂಜರದ ಇಲಿಗಳು ಕಟ್ಟೆಯನ್ನು ಚಕ್ರದ ಇಲಿಗಳಿಗಿಂತ ಬೇಗ ಹುಡುಕಿದವು. ಪೈಲ್ವಾನನಂತೂ ಮೂರನೇ ದಿನದಿಂದ ಮನೆಗೆ ಹೋಗುವವನ ಹಾಗೆ ನೇರ ಹೋಗಿ ಕಟ್ಟೆ ಹತ್ತಿ ಮೀಸೆ ಒರೆಸಿಕೊಳ್ಳುತ್ತಿದ್ದ. ಮಿದುಳು ಹೆರೆದು ಬಣ್ಣ ಹಾಕಿದರೆ ಅಲ್ಲೂ ಅದೇ. ಎರಡನೇ ಗುಂಪಿನ ಸ್ಲೈಡಿನಲ್ಲಿ ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕೆ.

ಸರ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ನೇರ ನನ್ನ ಕಡೆ ತಿರುಗಿದರು. "ಹೊಸ ಕೋಶ ಇರೋದೇನೋ ನಿಜ, ಕಾಣ್ತಾ ಇದೆ. ಆದರೆ ಕೂತ ಇಲಿಗೆ ಹೆಚ್ಚು, ಓಡಿದ ಇಲಿಗೆ ಕಡಿಮೆ! ಗಿರಿಜಾ ಅವರೇ, ಕಪ್ಪೆ ನೆನಪಿದೆಯಾ?"

"ಸರ್, ಪೆನ್ಸಿಲ್ಲಿನಲ್ಲಿ ಬರೆದಿದೀನಿ. ಎರಡು ಸಲ."

"ಎರಡು ಸಲ ತಪ್ಪಾಗಿ ಬರೆದಿರಬಹುದು."

ಮರುದಿನ ಬೆಳಿಗ್ಗೆ ಬಸ್ಸಿಳಿದವಳೇ ಲ್ಯಾಬಿನ ಕಪಾಟು ತೆಗೆದೆ. ಒಂದೊಂದು ಮೇಣದ ಗಟ್ಟಿಯನ್ನೂ ರಿಜಿಸ್ಟರಿಗೆ ಹೋಲಿಸಿ ನೋಡಿದೆ. ಎಲ್ಲ ಸರಿಯಾಗಿತ್ತು. ಸರಿಯಾಗಿತ್ತು ಎನ್ನುವುದನ್ನು ನಂಬಲು ಮಾತ್ರ ಯಾರೂ ಇರಲಿಲ್ಲ. ಸಹನಾ ಎರಡನೇ ಕಂತಿಗೆ ಲೇಬಲ್ ತಾನೇ ಬರೆಯುತ್ತೇನೆ ಎಂದಳು. ಅದು ಬೈಗುಳಕ್ಕಿಂತ ಚುಚ್ಚಿತು.

ಬೇಸಿಗೆಯಲ್ಲಿ ಹೊತ್ತೇರಿದಂತೆ ಮೇಣ ಮೆತ್ತಗಾಗಿ ಹೆರೆಯಲು ಬರುವುದಿಲ್ಲ. ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದು ಮೇಣದ ಗಟ್ಟಿಗೆ ಒತ್ತಿಕೊಂಡು ಹೆರೆಯುತ್ತಿದ್ದೆ. ಅದಕ್ಕಿಂತ ತಂಪು ಹೊತ್ತಿನಲ್ಲೇ ಮುಗಿಸೋಣವೆಂದು ಒಂದು ದಿನ ಮೊದಲ ಬಸ್ಸಿಗೇ ಹೊರಟೆ. ಕಾಲೇಜು ತಲುಪಿದಾಗ ಇನ್ನೂ ಕಸ ಗುಡಿಸುವವರೂ ಬಂದಿರಲಿಲ್ಲ. ಇಲಿಮನೆಯ ಮುಂದಿನ ಓಣಿಯಿಂದ ಮಾತು ಕೇಳಿಸಿತು.

"ಏ ಬೇಗಂ, ಅಲ್ಲಿಲ್ಲ, ಅಲ್ಲಿಲ್ಲ. ಅದು ನಿನ್ನೆ ಜಾಗ. ಇವತ್ತಿಂದು ಹುಡ್ಕು."

ಇಣುಕಿ ನೋಡಿದೆ. ಓಣಿಯ ಎರಡೂ ತುದಿಗೆ ಹಳೆಯ ಹಾಜರಿ ಪುಸ್ತಕಗಳ ಗೋಡೆ ಕಟ್ಟಿತ್ತು. ನಡುವೆ ರಟ್ಟಿನ ಡಬ್ಬಿಗಳು, ಒಡೆದ ಪೈಪು, ಒಂದು ಹಳೆ ಚಪ್ಪಲಿ. ಬಾಷಾ ಸಾಬರು ಮಂಡಕ್ಕಿಯ ಪೊಟ್ಟಣ ಹಿಡಿದು ನೆಲದ ಮೇಲೆ ಕೂತಿದ್ದರು. ಎರಡನೇ ಗುಂಪಿನ ಇಲಿಗಳೆಲ್ಲ ಡಬ್ಬಿಯಿಂದ ಡಬ್ಬಿಗೆ ಓಡಾಡುತ್ತಾ ಮಂಡಕ್ಕಿ ಹುಡುಕುತ್ತಿದ್ದವು.

"ಬಾಷಾ ಸಾಬ್ರೆ!"

ಅವರು ಬೆಚ್ಚಿ ಎದ್ದರು. ಪೊಟ್ಟಣ ಚೆಲ್ಲಿತು. ಇಲಿಗಳಿಗೆ ಹಬ್ಬ.

"ಎಷ್ಟು ದಿವಸದಿಂದ ನಡದೈತ್ರಿ ಇದು?"

"ಮೊದ್ಲಿಂದಾನೂ ಐತ್ರಿ ಮೇಡಮ್ಮೋರೆ." ತಲೆ ತಗ್ಗಿಸಿದರು. "ಆ ಕಡೆಯವಕ್ಕ ಚಕ್ರ ಕೊಟ್ರಿ, ಏಣಿ ಕೊಟ್ರಿ. ಇವು ಸುಮ್ಕೆ ಮೂಲಿ ನೋಡ್ಕೊಂತ ಕುಂತಿರ್ತಾವು. ನೋಡಾಕ ಆಗ್ಲಿಲ್ರಿ. ಇವೇನು ಪಾಪ ಮಾಡ್ಯಾವು? ದಿನಾ ಮುಂಜಾನಿ ಒಂದ್ ತಾಸು ಬಿಡ್ತೀನಿ."

ನಾನು ಹಾಜರಿ ಪುಸ್ತಕದ ಗೋಡೆಯ ಮೇಲೆ ಕೂತುಬಿಟ್ಟೆ. ನಾವು ಕೊಟ್ಟ ಚಕ್ರ ಎಷ್ಟು ತಿರುಗಿದರೂ ಒಂದೇ ಜಾಗ. ಇವರು ದಿನಾ ಹೊಸ ಊರು ಕಟ್ಟಿ, ಹೊಸ ಜಾಗದಲ್ಲಿ ತಿಂಡಿ ಬಚ್ಚಿಟ್ಟು, ಆ ಇಲಿಗಳ ಮಿದುಳಿಗೆ ಕೆಲಸ ಕೊಟ್ಟಿದ್ದರು. ನನ್ನ ಲೇಬಲ್ ಸರಿಯಿತ್ತು! ಒಂದು ಗಳಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಗಳಿಗೆ ಇನ್ನೊಂದು ನೆನಪಾಯಿತು. ಹಿಂದಿನ ತಿಂಗಳು ಎರಡನೇ ಗುಂಪಿನ ಪಂಜರದಲ್ಲಿ ಎರಡು ಮಂಡಕ್ಕಿ ಕಂಡು, ಯಾವುದೋ ವಿದ್ಯಾರ್ಥಿಯ ಕೆಲಸವಿರಬೇಕೆಂದು ನಾನೇ ಗುಡಿಸಿ ಹಾಕಿದ್ದೆ. ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು.

ನನ್ನ ಹೆಸರು ಉಳಿಯಬೇಕಾದರೆ ಇವರ ಹೆಸರು ಹೇಳಬೇಕು. ಪ್ರಯೋಗ ಕೆಡಿಸಿದರೆಂದು ಮೇಲಕ್ಕೆ ವರದಿ ಹೋದರೆ ನಿವೃತ್ತಿಯ ಹೊಸ್ತಿಲಲ್ಲಿ ಏನಾಗುತ್ತದೋ. ಹೇಳದಿದ್ದರೆ ಸಹನಾಳ ಪ್ರಬಂಧದಲ್ಲಿ ಸುಳ್ಳು ಅಚ್ಚಾಗುತ್ತದೆ. ಎರಡು ದಿನ ಬಾಯಿ ಬಿಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಸರ್ ನನ್ನನ್ನೂ ಸಹನಾಳನ್ನೂ ಕರೆಸಿ, ತಪ್ಪು ಲೇಬಲ್ಲಿನ ಬಗ್ಗೆ ನನ್ನಿಂದ ಬರವಣಿಗೆಯಲ್ಲಿ ವಿವರಣೆ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಬಾಗಿಲು ತೆರೆಯಿತು. ಬಾಷಾ ಸಾಬರು, ಕೈಯಲ್ಲಿ ಮಂಡಕ್ಕಿಯ ಪೊಟ್ಟಣ ಹಿಡಿದು ನಿಂತಿದ್ದರು.

"ಸಾಹೇಬ್ರ, ಮೇಡಮ್ಮೋರದು ತಪ್ಪಿಲ್ಲ. ತಪ್ಪು ಇದರದ್ದೈತ್ರಿ" ಎಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ನಿಂತಲ್ಲೇ ಎಲ್ಲವನ್ನೂ ಹೇಳಿದರು. ಪಂಜರದಲ್ಲಿ ಕಂಡ ಮಂಡಕ್ಕಿಯನ್ನು ಗುಡಿಸಿ ಹಾಕಿದ್ದನ್ನು ನಾನೂ ಹೇಳಿದೆ.

ಸರ್ ಕೆಂಪಾದರು. ಪ್ರಯೋಗ ಎಂದರೆ ಏನು, ಶಿಸ್ತು ಎಂದರೆ ಏನು ಎಂದು ಅರ್ಧ ತಾಸು ಇಂಗ್ಲಿಷಿನಲ್ಲಿ ಬೈದರು. ಬಾಷಾ ಸಾಬರು ಒಂದಕ್ಷರ ಅರ್ಥವಾಗದಿದ್ದರೂ ಸರಿಯಾದ ಜಾಗಗಳಲ್ಲಿ ತಲೆಯಾಡಿಸಿದರು. ಸಹನಾ ಅಳುತ್ತಿದ್ದಳು. ಆರು ತಿಂಗಳ ಕೆಲಸ ನೀರುಪಾಲಾಗಿತ್ತು. ಬೈದು ಸುಸ್ತಾದ ಮೇಲೆ ಸರ್ ಒಂದು ಮಂಡಕ್ಕಿ ಬಾಯಿಗೆ ಹಾಕಿಕೊಂಡರು. ಗೊತ್ತಿಲ್ಲದೆಯೇ ಹಾಕಿಕೊಂಡರು ಎಂದು ಕಾಣುತ್ತದೆ.

"ಎಷ್ಟು ಡಬ್ಬಿ ಇಡ್ತೀರಿ?" ಎಂದು ಕೇಳಿದರು.

"ಹತ್ತು ಹನ್ನೆರಡು, ಸಾಹೇಬ್ರ."

"ಜಾಗ ದಿನಾ ಬದಲಾಗುತ್ತಾ?"

"ಬದ್ಲಾಯಿಸ್ದೆ ಇದ್ರೆ ಅವಕ್ಕ ಬ್ಯಾಸರ ಆಗ್ತೈತ್ರಿ."

ಮರುದಿನ ಮುಂಜಾನೆ ಸರ್ ಕ್ಯಾನ್ವಾಸ್ ಬೂಟು ಹಾಕಿಕೊಂಡು ಓಣಿಗೆ ಬಂದರು, ಟೈ ಸಮೇತ. ಬಗ್ಗಿ ನೋಡುತ್ತಿದ್ದಾಗ ಬೇಗಂ ಟೈ ಹಿಡಿದು ಕುತ್ತಿಗೆಯವರೆಗೆ ಹತ್ತಿದಳು. ಸರ್ ಕಂಬದ ಹಾಗೆ ನಿಂತು "ಪ್ರೊಸೀಜರ್ ಏನು? ಪ್ರೊಸೀಜರ್ ಏನು?" ಎಂದು ಕೂಗಿದರು. ಬಾಷಾ ಸಾಬರು ಮಂಡಕ್ಕಿ ತೋರಿಸಿ ಇಳಿಸಿಕೊಂಡರು. ವಾರ ಕಳೆಯುವುದರೊಳಗೆ ಸರ್ ಸ್ವಂತ ಸ್ಟಾಪ್‌ವಾಚು ತಂದಿದ್ದರು. ಮೇಲಕ್ಕೆ ವರದಿ ಹೋಗಲೇ ಇಲ್ಲ.

ಸಹನಾ ಅವಧಿ ವಿಸ್ತರಣೆ ಕೇಳಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಮೂರು ಗುಂಪು: ಚಕ್ರದ್ದು, ಖಾಲಿ ಪಂಜರದ್ದು, ಬಾಷಾ ಸಾಬರ ಓಣಿಯದ್ದು. ಲೇಬಲ್ ಬರೆಯುವ ಪೆನ್ಸಿಲ್ಲನ್ನು ಅವಳೇ ತಂದು ನನ್ನ ಕೈಗೆ ಕೊಟ್ಟಳು. ಇಲಿಗಳ ಜೊತೆ ಆಡುವುದು ಬಾಷಾ ಸಾಬರಿಗೆ ಅಧಿಕೃತ ಕರ್ತವ್ಯವಾಯಿತು. ಆದರೆ ಖಾಲಿ ಪಂಜರದ ಕೋಣೆಗೆ ಅವರು ಕಾಲಿಡುವ ಹಾಗಿರಲಿಲ್ಲ. ಬೀಗದ ಕೈ ನನ್ನ ಹತ್ತಿರ.

ಆ ಕೋಣೆಯ ಎರಡು ತಿಂಗಳನ್ನು ನಾನು ಮರೆತಿಲ್ಲ. ಅನ್ನ ಹಾಕಲು ಬಾಗಿಲು ತೆರೆದರೆ ಮೊದಲ ವಾರ ಇಲಿಗಳು ಸರಳಿಗೆ ಬಂದು ನಿಲ್ಲುತ್ತಿದ್ದವು. ಆಮೇಲಾಮೇಲೆ ತಲೆ ಕೂಡ ಎತ್ತಲಿಲ್ಲ. ತೊಟ್ಟಿಯ ಕೊನೆಯ ದಿನ ಆ ಗುಂಪಿನ ಕೊನೆಯ ಇಲಿಯನ್ನು ನೀರಿಗೆ ಬಿಟ್ಟೆ. ಅಂಚು ಹಿಡಿದು ಸುತ್ತಿತು, ಮತ್ತೆ ಸುತ್ತಿತು. ಕಟ್ಟೆ ಒಂದು ಗೇಣಿನಷ್ಟೇ ದೂರದಲ್ಲಿತ್ತು. ಬಾಗಿಲ ಹೊರಗೆ ನಿಂತ ಬಾಷಾ ಸಾಬರು ಬಾಯಿಗೆ ಟವೆಲ್ ಒತ್ತಿಕೊಂಡಿದ್ದರು. ಮಾತಾಡಬಾರದೆಂದು ಸರ್ ಆಣೆ ಹಾಕಿಸಿಕೊಂಡಿದ್ದರು. ಸಮಯ ಮುಗಿಯಿತು. ನಿಯಮದಂತೆ ಕೈಯಾಸರೆ ಕೊಟ್ಟು ಕಟ್ಟೆಗೆ ಹತ್ತಿಸಲು ಹೋದರೆ, ಅದು ಕಟ್ಟೆ ಬಿಟ್ಟು ನನ್ನ ಮುಂಗೈ ಹತ್ತಿ ತೋಳಿನ ಮಡಿಕೆಯಲ್ಲಿ ನಡುಗುತ್ತಾ ಕೂತಿತು. ಪುಸ್ತಕದಲ್ಲಿ ಬರೆಯಲು ಕೈ ಏಳಲಿಲ್ಲ.

"ಬರೀರಿ ಮೇಡಮ್ಮೋರೆ" ಎಂದರು ಬಾಷಾ ಸಾಬರು, ಆಣೆ ಮುರಿದು. "ಸಿಗ್ಲಿಲ್ಲ ಅಂತಾನೇ ಬರೀರಿ. ಖಾಲಿ ಡಬ್ಬಿದಾಗೆ ಇಟ್ರೆ ಹಿಂಗಾಗ್ತೈತೆ ಅಂತ ಜನಕ್ಕ ಗೊತ್ತಾಗ್ಲಿ."

ಬರೆದೆ.

ಫಲಿತಾಂಶ ಸಹನಾ ಬಯಸಿದಂತೆಯೇ ಬಂತು. ಕಂದು ಚುಕ್ಕೆಗಳು ಖಾಲಿ ಪಂಜರದಲ್ಲಿ ಕಡಿಮೆ, ಚಕ್ರದಲ್ಲಿ ಹೆಚ್ಚು, ಓಣಿಯಲ್ಲೂ ಹೆಚ್ಚು. ಜಾಗ ನೆನಪಿಡುವುದರಲ್ಲಿ ಓಣಿಯವೇ ಮುಂದೆ. ಸರ್ ಪಾಠದ ಹಳೆಯ ಟಿಪ್ಪಣಿಯಲ್ಲಿ ಒಂದು ಪುಟಕ್ಕೆ ಅಡ್ಡಗೆರೆ ಎಳೆದರು. ಅದಕ್ಕೆ ಬೇಕಾದ ಕೆಂಪು ಪೆನ್ನನ್ನು ನನ್ನ ಮೇಜಿನಿಂದಲೇ ಎತ್ತಿಕೊಂಡು ಹೋಗಿ ಇಂದಿಗೂ ಹಿಂತಿರುಗಿಸಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಿಳಿ ಕೂದಲಿನ ಪ್ರೊಫೆಸರಮ್ಮ ಬಂದರು. ಕೆಟ್ಟುಹೋದ ಮೊದಲ ಪ್ರಯೋಗದ ಮಾತು ಎತ್ತಬೇಡ ಎಂದು ಸರ್ ಸಹನಾಳಿಗೆ ಮೊದಲೇ ಹೇಳಿದ್ದರು. ಮೂರನೇ ಗುಂಪಿನ ಯೋಚನೆ ಹೇಗೆ ಬಂತು ಎಂದು ಪ್ರೊಫೆಸರಮ್ಮ ಕೇಳಿದ ಕೂಡಲೇ ಸಹನಾ ಒಂದೂ ಬಿಡದೆ ಎಲ್ಲ ಹೇಳಿಬಿಟ್ಟಳು. ಸರ್ ಫ್ಯಾನ್ ನೋಡುತ್ತಾ ಕೂತರು. ಸ್ಲೈಡಿನ ಪೆಟ್ಟಿಗೆ ಹಿಡಿದು ಮೂಲೆಯಲ್ಲಿದ್ದ ನಾನು ನೆಲ ನೋಡಿದೆ.

"ಆ ಮನುಷ್ಯ ಎಲ್ಲಿ? ಕರೀರಿ" ಎಂದರು ಪ್ರೊಫೆಸರಮ್ಮ.

ಬಾಷಾ ಸಾಬರು ಚಹಾದ ತಟ್ಟೆ ಹಿಡಿದೇ ಬಂದರು; ಕರೆ ಬಂದದ್ದು ಅದಕ್ಕೇ ಎಂದುಕೊಂಡಿದ್ದರು. ಆಕೆ ಎದ್ದು ತಟ್ಟೆ ಇಸಿದುಕೊಂಡು ಕುರ್ಚಿ ತೋರಿಸಿದರು. ಅವರು ಕುರ್ಚಿಯ ತುದಿಗೆ ಕೂತರು.

"ಇಲಿಗಳ ಜೊತೆ ಆಡಿ ಆಡಿ ಅವುಗಳ ಮಿದುಳನ್ನೇ ಬದಲಾಯಿಸಿದಿರಂತೆ?"

"ಮಿದುಳು ನಾ ನೋಡಿಲ್ರಿ ಅಮ್ಮಾರೆ."

"ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿಲ್ವಾ?"

"ಅದು ಮೇಡಮ್ಮೋರ ಕೆಲಸ. ಅವ್ರು ಮಿದುಳು ತೆಗಿಯೋ ದಿನ ನಾ ರಜಾ ಹಾಕ್ತೀನಿ."

ಎಲ್ಲರೂ ನಕ್ಕರು. ಬಾಷಾ ಸಾಬರೂ ನಕ್ಕರು. ನನಗೆ ನಗು ಬರಲಿಲ್ಲ. ಅವರ ರಜೆ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದವಳು ನಾನು. ಮಗಳ ಊರಿಗೆ, ಬೀಗರ ಮದುವೆಗೆ, ಹಲ್ಲುನೋವಿಗೆ. ಇಷ್ಟು ವರ್ಷ ಕಾರಣ ಬರೆದಿದ್ದೆ, ದಿನಾಂಕವನ್ನು ನನ್ನ ಕೆಲಸದ ಪಟ್ಟಿಯ ಜೊತೆ ಇಟ್ಟು ನೋಡಿರಲಿಲ್ಲ.

ಮುಂದಿನ ಬ್ಯಾಚಿನ ಮಿದುಳು ತೆಗೆಯುವ ದಿನ ನಿಗದಿಯಾದಾಗ ಅವರು ಕೇಳುವುದಕ್ಕೆ ಮೊದಲೇ ಅರ್ಜಿ ಬರೆದು, ಹೆಬ್ಬೆಟ್ಟಿನ ಜಾಗಕ್ಕೆ ಗುರುತು ಹಾಕಿ ಇಲಿಮನೆಗೆ ತೆಗೆದುಕೊಂಡು ಹೋದೆ. ಅವರು ಕೈ ಒರೆಸಿಕೊಂಡು ಕಾಗದ ಇಸಿದುಕೊಂಡರು.

"ಏನಂತ ಬರ್ದೀರಿ ಮೇಡಮ್ಮೋರೆ?"

"ಹಲ್ಲುನೋವು ಅಂತ."

ಬಾಷಾ ಸಾಬರು ಬಾಯಿ ಅಗಲಿಸಿ, ಹೊಸದಾಗಿ ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಇವು ಯಾಕ ನೋಯ್ತಾವ್ರಿ? ಬ್ಯಾರೆ ಏನಾರ ಬರೀರಿ."